ಸಂತೆಯಲ್ಲೂ ನಿದ್ದೆ

ಏಳನೇ ಕ್ಲಾಸಿನಲ್ಲಿದ್ದಾಗ ಸ್ಕೂಲ್ ಡೇ ದಿನ ಮಿಮಿಕ್ರಿ ಮಾಡಿ ಎರಡನೇ ಬಹುಮಾನ ತಗೊಂಡಿದ್ದೆ. ಮೊದಲು ರೈಲು, ಆಮೇಲೆ ಪ್ರೆಷರ್ ಕುಕ್ಕರ್, ಆಮೇಲೆ ಪಿ.ಟಿ. ಮೇಷ್ಟ್ರು, ಕೊನೆಗೆ ನಮ್ಮಪ್ಪನ ಗೊರಕೆ. ಅದೇ ಹಿಟ್ ಐಟಂ. ಅದಕ್ಕೊಂದು ಕ್ರಮ ಇತ್ತು. ಸಣ್ಣದಾಗಿ ಶುರುವಾಗಿ, ಏರಿ ಏರಿ, ತಾರಕಕ್ಕೆ ಹೋದಾಗ ಗಕ್ಕನೆ ನಿಲ್ಲಬೇಕು. ನಿಂತ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಿದ್ದೆ. ಮುಗೀತೇನೋ ಅಂತ ಯಾರೋ ಚಪ್ಪಾಳೆಗೆ ಕೈ ಎತ್ತುವ ಹೊತ್ತಿಗೆ "ಹ್ಹಾಖ್!" ಅಂತ ಬೆಚ್ಚಿಬಿದ್ದವನ ಹಾಗೆ ಉಸಿರೆಳೆದು ಮತ್ತೆ ಶುರು. ಇಡೀ ಶಾಮಿಯಾನ ನಕ್ಕಿತ್ತು. ಮೂರನೇ ಸಾಲಿನಲ್ಲಿ ಕೂತಿದ್ದ ಅಪ್ಪನೂ ನಕ್ಕಿದ್ದ.

ಈಗ ನನಗೆ 34. ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಹೆಂಡತಿ ಫೋನನ್ನು ಟೇಬಲ್ ಮೇಲಿಟ್ಟು "ಇದನ್ನ ಕೇಳು" ಅಂದಳು. ರಾತ್ರಿ ಎರಡೂವರೆಗೆ ಮಾಡಿದ ರೆಕಾರ್ಡಿಂಗ್. ಸಣ್ಣದಾಗಿ ಶುರುವಾಗಿ, ಏರಿ ಏರಿ, ಗಕ್ಕನೆ ನಿಂತಿತು. ಯಾರೋ ನನ್ನ ಹಳೇ ಐಟಂ ಕದ್ದು ಮಾಡುತ್ತಿದ್ದಾರೆ ಅನ್ನಿಸಿ ನಗು ಬಂತು. ಅವಳು ನಗಲಿಲ್ಲ. ಫೋನಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಹತ್ತು ಸೆಕೆಂಡು ಆಯ್ತು, ಇಪ್ಪತ್ತಾಯ್ತು. ಮೂವತ್ತರ ಹೊತ್ತಿಗೆ ನಾನೇ ಕಪ್ಪು ಕೆಳಗಿಟ್ಟು ಆ ಮನುಷ್ಯ ಉಸಿರಾಡಲಿ ಅಂತ ಕಾಯುತ್ತಿದ್ದೆ. ಆ ಮನುಷ್ಯ ನಾನೇ ಅನ್ನುವುದು ಆ ಕ್ಷಣಕ್ಕೆ ಮರೆತೇ ಹೋಗಿತ್ತು.

"ಆದ್ರೆ ರಾತ್ರಿ ಚೆನ್ನಾಗಿ ನಿದ್ದೆ ಬಂತಲ್ಲ" ಅಂದೆ. ನಿಜವಾಗಿಯೂ ಹಾಗೆ ಅನ್ನಿಸಿತ್ತು. ನಾನು ಹೇಳಹೊರಟಿರುವುದು ಈ ಮಾತಿನ ಬಗ್ಗೆ. ಸ್ಲೀಪ್ ಆಪ್ನಿಯಾ ಇರುವವನು ತನ್ನ ನಿದ್ದೆಯ ಬಗ್ಗೆ ಕೊಡುವ ಸಾಕ್ಷ್ಯವನ್ನು ಹೇಗೆ ಓದಬೇಕು? ಅವನ ಬಗ್ಗೆ ಬೇರೆಯವರು ಕೊಡುವ ಸಾಕ್ಷ್ಯವನ್ನು ಹೇಗೆ ಓದಬೇಕು? ನಾನು ಡಾಕ್ಟರ್ ಅಲ್ಲ. ಪುಸ್ತಕ ಓದಿ, ಸಿನಿಮಾ ನೋಡಿ ಅದರ ಬಗ್ಗೆ ತಗಾದೆ ತೆಗೆಯುವ ಅಭ್ಯಾಸ ಮಾತ್ರ ಇದೆ. ಅದೇ ಅಭ್ಯಾಸದಿಂದ ಪುರಾಣ, ಕಾದಂಬರಿ, ಪ್ರಶ್ನಾವಳಿ, ವಾಚು, ಲ್ಯಾಬ್ ರಿಪೋರ್ಟು ಎಲ್ಲವನ್ನೂ ಒಂದೇ ಟೇಬಲ್ ಮೇಲೆ ಹರಡಿಕೊಂಡು ಕೂತೆ.

ಮೊದಲು ಒಂದು ಗಾದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ನಮ್ಮ ಮನೆಯಲ್ಲಿ ಇದನ್ನು ಅಪ್ಪನಿಗೇ ಮೀಸಲಿಟ್ಟಿದ್ದರು. ಮದುವೆ ಮನೆಯ ಕುರ್ಚಿಯಲ್ಲಿ, ಸಾಗರದಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ, ಟಿವಿಯಲ್ಲಿ ಕ್ರಿಕೆಟ್ ಕೊನೇ ಓವರಿಗೆ ಬಂದಾಗ, ಎಲ್ಲೆಂದರಲ್ಲಿ ಅಪ್ಪನಿಗೆ ನಿದ್ದೆ. "ಪುಣ್ಯವಂತ ಕಣೋ ನಿಮ್ಮಪ್ಪ" ಅನ್ನೋರು. ದಿಂಬಿಗೆ ತಲೆ ತಾಗಿದರೆ ಸಾಕು, ನಿದ್ದೆ. ಈ ಗಾದೆಯ ತರ್ಕ ಏನು? ನಿದ್ದೆ ಬರುವುದು ಸುಲಭವಾದಷ್ಟೂ ಮನಸ್ಸು ನಿರಾಳ ಎಂದು ಅರ್ಥ. ಆಪ್ನಿಯಾ ಈ ತರ್ಕವನ್ನು ಬುಡಮೇಲು ಮಾಡುತ್ತದೆ. ಹಸಿದವನು ಸಿಕ್ಕಿದ್ದನ್ನು ಗಬಗಬ ತಿನ್ನುತ್ತಾನೆ. ಅದನ್ನು ನೋಡಿ ಯಾರೂ ಅವನನ್ನು ತೃಪ್ತ ಅನ್ನುವುದಿಲ್ಲ. ನಿದ್ದೆಯ ವಿಷಯದಲ್ಲಿ ಮಾತ್ರ ಹಸಿವನ್ನೇ ತೃಪ್ತಿ ಅಂದುಕೊಂಡುಬಿಡುತ್ತೇವೆ. ಸಂತೆಯಲ್ಲಿ ನಿದ್ದೆ ಹೋದವನಿಗೆ ಚಿಂತೆ ಇಲ್ಲದೇ ಇರಬಹುದು, ಹಿಂದಿನ ರಾತ್ರಿ ಮನೆಯಲ್ಲಿ ನಿದ್ದೆಯೇ ಆಗದೇ ಇರಲೂಬಹುದು.

ಅಪ್ಪನ ಇನ್ನೊಂದು ಹೆಸರು ಕುಂಭಕರ್ಣ. ಕುಂಭಕರ್ಣನಿಗೆ ಆಪ್ನಿಯಾ ಇತ್ತು ಅಂತ ಸಾಬೀತು ಮಾಡುವ ಹುಮ್ಮಸ್ಸೇನೂ ನನಗಿಲ್ಲ. ಆದರೆ ಆ ಪ್ರಸಂಗವನ್ನು ಮತ್ತೆ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಅವನನ್ನು ಎಬ್ಬಿಸುವ ಭಾಗ ತುಂಬಾ ವಿಸ್ತಾರವಾಗಿದೆ. ಒಳಗೆ ಹೋದ ರಾಕ್ಷಸರು ಅವನ ಉಸಿರಿನ ಗಾಳಿಗೆ ಹಿಂದಕ್ಕೆ ತಳ್ಳಿಸಿಕೊಳ್ಳುತ್ತಾರೆ. ಶಂಖ, ಭೇರಿ, ಆನೆಗಳ ತುಳಿತ, ಮಾಂಸದ ರಾಶಿ. ಎಲ್ಲವೂ ಹೊರಗಿನವರು ಕಂಡದ್ದು, ಕೇಳಿದ್ದು, ಅನುಭವಿಸಿದ ಕಷ್ಟ. ಎದ್ದ ಮೇಲೆ ಅವನು ರಾವಣನಿಗೆ ನೇರವಾಗಿ ಬುದ್ಧಿ ಹೇಳುತ್ತಾನೆ, ನೀನು ಮಾಡಿದ್ದು ತಪ್ಪು ಅನ್ನುತ್ತಾನೆ. ನಮ್ಮ ಕಡೆ 'ಕುಂಭಕರ್ಣ ಕಾಳಗ'ವನ್ನು ತಾಳಮದ್ದಲೆಗೆ ಇಟ್ಟರೆ ಒಳ್ಳೆಯ ಅರ್ಥಧಾರಿ ಈ ಜಾಗದಲ್ಲಿ ಗಂಟೆಗಟ್ಟಲೆ ಮಾತಾಡಬಲ್ಲ. ಆದರೂ ಮನೆಮಾತಿನಲ್ಲಿ ಉಳಿದದ್ದು ಆ ವಿವೇಕ ಅಲ್ಲ, ನಿದ್ದೆ. ಒಮ್ಮೆ ನಿದ್ದೆಬುರುಕ ಅಂತ ಹೆಸರು ಬಿದ್ದರೆ ಎಚ್ಚರದಲ್ಲಿ ಏನು ಹೇಳಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ.

ಅಪ್ಪನಿಗೂ ಹಾಗೇ ಆಯ್ತು. ಬ್ಯಾಂಕೊಂದರ ಶಾಖೆಯಲ್ಲಿ ಕ್ಲರ್ಕ್ ಆಗಿದ್ದ. ಮಧ್ಯಾಹ್ನದ ಊಟವಾದ ಮೇಲೆ ಕೌಂಟರಿನಲ್ಲೇ ತೂಕಡಿಸುತ್ತಿದ್ದ. ಒಮ್ಮೆ ಮೆಮೊ ಬಂತು. 'ಕರ್ತವ್ಯದ ವೇಳೆಯಲ್ಲಿ ನಿದ್ರೆ' ಎಂಬುದು ಆರೋಪ. ಅಪ್ಪ ಕೊಟ್ಟ ಉತ್ತರದ ಕಾರ್ಬನ್ ಪ್ರತಿ ಇನ್ನೂ ಟ್ರಂಕಿನಲ್ಲಿದೆ. ದುಂಡಗಿನ ಅಕ್ಷರದಲ್ಲಿ, ಮಗಳಿಗೆ ಜ್ವರ ಇದ್ದುದರಿಂದ ರಾತ್ರಿ ಎದ್ದಿರಬೇಕಾಯಿತು, ಇನ್ನು ಮುಂದೆ ಹೀಗಾಗದು ಎಂದು ಬರೆದಿದ್ದಾನೆ. ನನ್ನ ತಂಗಿಗೆ ಆ ವಾರ ಜ್ವರ ಇರಲಿಲ್ಲ ಅನ್ನುತ್ತಾಳೆ ಅಮ್ಮ. ಅಪ್ಪ ಸುಳ್ಳು ಬರೆದ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಈಗ ಅನ್ನಿಸುವುದೇ ಬೇರೆ. ತನಗೇ ಕಾರಣ ಗೊತ್ತಿಲ್ಲದ ಒಂದು ವಿಷಯಕ್ಕೆ ಅವನು ನಂಬುವಂಥ ಒಂದು ಕಾರಣ ಹುಡುಕಿದ. ರಾತ್ರಿ ಎದ್ದಿದ್ದೆ ಎನ್ನುವ ಮಾತಂತೂ ಅವನಿಗೇ ತಿಳಿಯದ ಹಾಗೆ ನಿಜವಾಗಿತ್ತು.

ಏನಾಗುತ್ತದೆ ಅಂದರೆ, ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ನಾಲಿಗೆಯ ಬುಡ, ಕಿರುನಾಲಿಗೆಯ ಸುತ್ತಲಿನ ಮೆದು ಭಾಗ ಕುಸಿದು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ, ಹೊಟ್ಟೆ ಉಸಿರೆಳೆಯಲು ಒದ್ದಾಡುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಕೆಲವೇ ಸೆಕೆಂಡು ಎಚ್ಚರಗೊಂಡು ಸ್ನಾಯುಗಳನ್ನು ಬಿಗಿಮಾಡುತ್ತದೆ, ಹ್ಹಾಖ್ ಅಂತ ಉಸಿರು ಬರುತ್ತದೆ, ಮತ್ತೆ ನಿದ್ದೆ. ಹತ್ತು ಸೆಕೆಂಡಾದರೂ ನಿಂತರೆ ಅದನ್ನು ಒಂದು ಸಲ ಎಂದು ಎಣಿಸುತ್ತಾರೆ. ಈ ಎಚ್ಚರಗಳು ಎಷ್ಟು ಚಿಕ್ಕವೆಂದರೆ ನೆನಪಿನಲ್ಲಿ ಉಳಿಯುವುದೇ ಇಲ್ಲ. ಹಾಗಾಗಿ ಬೆಳಿಗ್ಗೆ ಎದ್ದವನು "ಚೆನ್ನಾಗಿ ಮಲಗಿದ್ದೆ" ಅಂದಾಗ ಅವನು ಸುಳ್ಳು ಹೇಳುತ್ತಿಲ್ಲ. ಅವನ ನೆನಪಿನ ಪುಸ್ತಕದಲ್ಲಿ ಆ ಪುಟಗಳೇ ಇಲ್ಲ.

ಸಾಹಿತ್ಯದಲ್ಲಿ ಈ ರೋಗದ ಜೊತೆ ಅಂಟಿಕೊಂಡಿರುವ ಪಾತ್ರ ಚಾರ್ಲ್ಸ್ ಡಿಕನ್ಸ್‌ನ ಜೋ. 1836-37ರಲ್ಲಿ ಕಂತುಗಳಾಗಿ ಬಂದ 'ಪಿಕ್‌ವಿಕ್ ಪೇಪರ್ಸ್'ನಲ್ಲಿ ವಾರ್ಡಲ್ ಎಂಬ ಯಜಮಾನನ ಮನೆಯ ಆಳುಹುಡುಗ. ದಪ್ಪಗಿದ್ದಾನೆ, ಸಿಕ್ಕಿದ್ದೆಲ್ಲ ತಿನ್ನುತ್ತಾನೆ, ಗಾಡಿಯ ಮೇಲೆ ನಿದ್ದೆ, ಊಟ ಬಡಿಸುತ್ತಾ ಗೊರಕೆ. ಓದಿದರೆ ನಗು ಬರುತ್ತದೆ, ಇಲ್ಲ ಅನ್ನಲ್ಲ. ಡಿಕನ್ಸ್ ಎಷ್ಟು ಸರಿಯಾಗಿ ಗಮನಿಸಿದ್ದ ಅಂದರೆ 1956ರಲ್ಲಿ ಅಮೆರಿಕದ ವೈದ್ಯರು ಅತಿಯಾದ ತೂಕ, ಹಗಲಿನ ತೂಕಡಿಕೆ, ಸಾಲದ ಉಸಿರಾಟ ಮೂರೂ ಸೇರಿದ ಒಂದು ಸ್ಥಿತಿಗೆ 'ಪಿಕ್‌ವಿಕಿಯನ್ ಸಿಂಡ್ರೋಮ್' ಅಂತ ಹೆಸರಿಟ್ಟರು. ಅದು ಆಪ್ನಿಯಾದ ನೆಂಟನೇ ಹೊರತು ಎರಡೂ ಒಂದೇ ಅಲ್ಲ.

ಆದರೆ ಕಾದಂಬರಿಯಲ್ಲಿ ಒಂದು ವಿಚಿತ್ರ ಅಧ್ಯಾಯ ಇದೆ. ತೋಟದ ಬಳ್ಳಿಮನೆಯಲ್ಲಿ ಟಪ್‌ಮನ್ ಎಂಬಾತ ವಾರ್ಡಲ್‌ನ ತಂಗಿಗೆ ಪ್ರೇಮ ನಿವೇದಿಸುತ್ತಿರುತ್ತಾನೆ. ತಿರುಗಿ ನೋಡಿದರೆ ಜೋ ಅಲ್ಲೇ ನಿಂತಿದ್ದಾನೆ. ಅಯ್ಯೋ, ಇವನು ನಿದ್ದೆಯಲ್ಲಿದ್ದಾನೆ ಬಿಡು ಅಂತ ಆತ ಸಮಾಧಾನ ಮಾಡಿಕೊಳ್ಳುತ್ತಾನೆ. ಜೋ ಎಲ್ಲವನ್ನೂ ನೋಡಿರುತ್ತಾನೆ, ಹೋಗಿ ಮನೆಯ ಹಿರಿಯಜ್ಜಿಗೆ ಹೇಳುತ್ತಾನೆ. ನನಗೆ ಇಡೀ ಪಾತ್ರದ ಕೀಲಿ ಅಲ್ಲಿದೆ ಅನ್ನಿಸಿತು. ಡಿಕನ್ಸ್ ಈ ನಿದ್ದೆಬುರುಕನಿಗೆ ಬೇರೆಯವರ ಗುಟ್ಟು ಹೇಳಲು ಬಾಯಿ ಕೊಟ್ಟ. ತನ್ನದೇ ಬವಣೆ ಹೇಳಲು ಕೊಡಲಿಲ್ಲ. ರಾತ್ರಿ ಅವನು ಎಲ್ಲಿ ಮಲಗುತ್ತಿದ್ದ, ಹೇಗೆ ಮಲಗುತ್ತಿದ್ದ ಎನ್ನುವುದರ ಮೇಲೆ ಕಾದಂಬರಿಗೆ ಆಸಕ್ತಿಯೇ ಇಲ್ಲ. ನಮಗೆ ಕಾಣುವುದೆಲ್ಲ ಯಜಮಾನನಿಗೆ ಅಡ್ಡಿಯಾಗುವ ಹಗಲಿನ ನಿದ್ದೆ.

ವೈದ್ಯರೂ ಆ ದೃಷ್ಟಿಯನ್ನೇ ಬಳುವಳಿಯಾಗಿ ಪಡೆದರು. 1956ರ ಆ ಲೇಖನದ ರೋಗಿ ದೊಡ್ಡ ಹುದ್ದೆಯಲ್ಲಿದ್ದವನು. ಪೋಕರ್ ಆಡುವಾಗ ಕೈಯಲ್ಲಿ ಮೂರು ಎಕ್ಕ, ಎರಡು ರಾಜ ಇದ್ದರೂ ಬಾಜಿ ಕಟ್ಟದೆ ನಿದ್ದೆ ಹೋಗಿಬಿಟ್ಟ. ಅದಾದ ಮೇಲೆ ಆಸ್ಪತ್ರೆಗೆ ಬಂದ. ಆತನ ತೂಕಡಿಕೆಗೆ ಕಾರಣವನ್ನು ರಕ್ತದಲ್ಲಿ ಹೆಚ್ಚಾದ ಇಂಗಾಲದ ಡೈಆಕ್ಸೈಡಿನಲ್ಲಿ ಹುಡುಕಿದರು. ಇಂಥವರ ರಾತ್ರಿಯನ್ನು ಯಂತ್ರ ಇಟ್ಟು ಗಮನಿಸಿ, ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುತ್ತಿದೆ ಎಂದು ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ಬರೆದದ್ದು 1965ರಲ್ಲಿ. ಡಿಕನ್ಸ್‌ನಿಂದ ಅಲ್ಲಿಗೆ ನೂರಾ ಮೂವತ್ತು ವರ್ಷ. ಅಷ್ಟು ಕಾಲ ಈ ಜನರ ಪಕ್ಕ ಮಲಗಿದ ಹೆಂಗಸರಿಗೆ ಇದು ಗೊತ್ತೇ ಇತ್ತು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಅವರನ್ನು ಕೇಳಿದವರಿರಲಿಲ್ಲ.

ಜೋ ಇನ್ನೊಂದು ಉಪದ್ರವವನ್ನೂ ಬಿಟ್ಟುಹೋದ. ಗೊರಕೆ ಅಂದರೆ ದಪ್ಪಗಿರುವ ಗಂಡಸು ಎಂಬ ಚಿತ್ರ ಗಟ್ಟಿಯಾಗಿ ಕೂತುಬಿಟ್ಟಿತು. ನಮ್ಮ ಸಿನಿಮಾ, ಸೀರಿಯಲ್ಲುಗಳ ಗೊರಕೆಯೂ ಅಷ್ಟೇ. ಹೊಟ್ಟೆ ಏರಬೇಕು, ಇಳಿಯಬೇಕು, ಒಂದು ಗೊರ್‌ಗೆ ಒಂದು ಸೀಟಿ, ತಾಳ ತಪ್ಪದ ಹಾಗೆ. ನಿಜವಾಗಿ ಭಯಪಡಬೇಕಾದ ಗೊರಕೆಗೆ ಆ ತಾಳ ಇರುವುದಿಲ್ಲ. ಸದ್ದು ಎಲ್ಲರಿಗೂ ಕೇಳುತ್ತದೆ, ರೋಗ ಇರುವುದು ಸದ್ದು ನಿಂತ ಜಾಗದಲ್ಲಿ. ನಾನು ತೆಳ್ಳಗೇ ಇದ್ದೇನೆ. ದವಡೆ ಚಿಕ್ಕದು, ಗಂಟಲು ಇಕ್ಕಟ್ಟು, ಅಷ್ಟು ಸಾಕು. ಹೆಂಗಸರ ವಿಷಯದಲ್ಲಂತೂ ಈ ಚಿತ್ರ ಇನ್ನೂ ದೊಡ್ಡ ಅನ್ಯಾಯ ಮಾಡುತ್ತದೆ. ಎಷ್ಟೋ ಹೆಂಗಸರಿಗೆ ಇದು ತೂಕಡಿಕೆಯಾಗಿ ಕಾಣಿಸಿಕೊಳ್ಳುವುದಿಲ್ಲ. ನಿದ್ದೆ ಬಾರದ್ದು, ಬೆಳಿಗ್ಗೆ ತಲೆನೋವು, ಸದಾ ಸುಸ್ತು ಅಂತ ಕಾಣಿಸುತ್ತದೆ. ಮನೆಯಲ್ಲಿ ಅದಕ್ಕೆ 'ಟೆನ್ಷನ್' ಅಂತ ಹೆಸರು. ಗೊರಕೆ ಹೊಡೆಯುತ್ತಾಳೆ ಅಂತ ಯಾರಾದರೂ ಹೇಳಿದರೂ ಅದು ಮರ್ಯಾದೆಯ ಪ್ರಶ್ನೆ ಆಗುತ್ತದೆಯೇ ಹೊರತು ಆರೋಗ್ಯದ ಪ್ರಶ್ನೆ ಆಗುವುದಿಲ್ಲ.

ನಮ್ಮಲ್ಲಿ ಈ ರೋಗದ ಹೆಸರು ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 2022ರ ಫೆಬ್ರವರಿಯಲ್ಲಿ, ಬಪ್ಪಿ ಲಾಹಿರಿ ತೀರಿಕೊಂಡಾಗ. 'ಆಫ್ರಿಕಾದಲ್ಲಿ ಶೀಲಾ'ಗೆ ಸಂಗೀತ ಕೊಟ್ಟ ಮನುಷ್ಯ. ನಾನೂ ಆ ಸುದ್ದಿ ಓದಿ, ಪಾಪ ಅಂದುಕೊಂಡು, ಆಫೀಸ್ ಕ್ಯಾಬಿನಲ್ಲಿ ನಿದ್ದೆ ಹೋಗಿದ್ದೆ.

ಕ್ಯಾಬಿನ ಮಾತು ಬಂದದ್ದು ಒಳ್ಳೇದಾಯ್ತು. ಡಾಕ್ಟರು ಮೊದಲು ಕೈಗೆ ಕೊಟ್ಟದ್ದು ಎಪ್‌ವರ್ತ್ ಸ್ಲೀಪಿನೆಸ್ ಸ್ಕೇಲ್ ಎಂಬ ಒಂದು ಹಾಳೆ. 1991ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಮರ್ರೆ ಜಾನ್ಸ್ ಎಂಬ ವೈದ್ಯ ರೂಪಿಸಿದ್ದು. ಎಂಟು ಸಂದರ್ಭಗಳು. ಕೂತು ಓದುವಾಗ, ಟಿವಿ ನೋಡುವಾಗ, ಸಭೆಯಲ್ಲಿ ಸುಮ್ಮನೆ ಕೂತಾಗ, ಒಂದು ಗಂಟೆ ಕಾರಿನಲ್ಲಿ ಪ್ರಯಾಣಿಕನಾಗಿ ಕೂತಾಗ, ಮಧ್ಯಾಹ್ನ ಅಡ್ಡಾದಾಗ, ಒಬ್ಬರ ಜೊತೆ ಮಾತಾಡುತ್ತಾ ಕೂತಾಗ, ಮದ್ಯವಿಲ್ಲದ ಊಟವಾದ ಮೇಲೆ, ಟ್ರಾಫಿಕ್‌ನಲ್ಲಿ ಕಾರು ಒಂದೆರಡು ನಿಮಿಷ ನಿಂತಾಗ. ಆಗ ತೂಕಡಿಸುವ ಸಾಧ್ಯತೆ ಎಷ್ಟು? ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 24. ಹತ್ತು ದಾಟಿದರೆ ಹಗಲು ನಿದ್ದೆ ಅತಿಯಾಯ್ತು ಅಂತ ಲೆಕ್ಕ.

ನನ್ನ ನಿದ್ದೆಯ ಬಗ್ಗೆ ಓದಿದ ಬರಹಗಳಲ್ಲಿ ನನಗೆ ಅತಿ ಜಾಣತನದ್ದು ಅನ್ನಿಸಿದ್ದು ಈ ಒಂದು ಪುಟ. ಯಾಕೆಂದರೆ ಅದು ರಾತ್ರಿಯ ಬಗ್ಗೆ ಏನೂ ಕೇಳುವುದಿಲ್ಲ. ರಾತ್ರಿಯ ಸಾಕ್ಷಿ ನೀನಲ್ಲ, ಹಗಲಿನ ಬಗ್ಗೆ ಹೇಳು ಸಾಕು ಅನ್ನುತ್ತದೆ. ಸುಸ್ತಾಗಿದೆಯಾ ಅಂತಲೂ ಕೇಳುವುದಿಲ್ಲ; ಆ ಪ್ರಶ್ನೆಗೆ ಬೆಂಗಳೂರಿನಲ್ಲಿ ಹೌದು ಅನ್ನದವರು ಯಾರಿದ್ದಾರೆ? ಆದರೂ ಅದರಲ್ಲಿ ಒಂದು ತೂತು ಇದೆ. ನಾನು ತುಂಬಿದಾಗ ಏಳು ಬಂತು. ಹೆಂಡತಿ ಹಾಳೆ ಕಸಿದುಕೊಂಡು ನನ್ನ ಪರವಾಗಿ ತುಂಬಿದಳು, ಹದಿನೈದು ಬಂತು. ಎಲ್ಲಿ ವ್ಯತ್ಯಾಸ ಅಂತ ನೋಡಿದೆ. 'ಒಬ್ಬರ ಜೊತೆ ಮಾತಾಡುತ್ತಾ ಕೂತಾಗ' ಅನ್ನುವುದಕ್ಕೆ ನಾನು ಸೊನ್ನೆ ಹಾಕಿದ್ದೆ, ಅವಳು ಎರಡು. "ಯಾರ ಜೊತೆ ಮಾತಾಡುವಾಗ?" ಅಂದೆ. "ನನ್ನ ಜೊತೆ" ಅಂದಳು. ಕ್ಯಾಬಿನ ಸಾಲಿನಲ್ಲಿ ನಾನು ಒಂದು ಹಾಕಿದ್ದೆ. ಸಿಲ್ಕ್ ಬೋರ್ಡ್‌ನಿಂದ ಮಾರತ್ತಹಳ್ಳಿವರೆಗೆ ಎಲ್ಲರೂ ಮಲಗುತ್ತಾರೆ, ಅದು ರೋಗ ಹೇಗಾಗುತ್ತೆ ಅನ್ನೋದು ನನ್ನ ವಾದ. ಇಡೀ ಬಸ್ಸೇ ತೂಕಡಿಸುವ ಊರಿನಲ್ಲಿ ಒಬ್ಬನ ತೂಕಡಿಕೆ ಎದ್ದು ಕಾಣುವುದಿಲ್ಲ. ನಮ್ಮ ರೋಗ ನಮ್ಮ ಜೀವನಶೈಲಿಯ ಮರೆಯಲ್ಲಿ ಆರಾಮಾಗಿ ಕೂತಿರುತ್ತದೆ. ಟ್ರಾಫಿಕ್ಕು, ಅಪ್ರೈಸಲ್ಲು, ಅಮೆರಿಕದ ಕ್ಲೈಂಟಿನ ರಾತ್ರಿ ಕಾಲು, ಒಂದಲ್ಲ ಒಂದು ಕಾರಣ ಕೈಗೆ ಸಿಕ್ಕೇ ಸಿಗುತ್ತದೆ. ಅಪ್ಪ ಜ್ವರ ಹುಡುಕಿದ ಹಾಗೆ.

ಆಮೇಲೆ ವಾಚು. ಮದುವೆಯ ವಾರ್ಷಿಕೋತ್ಸವಕ್ಕೆ ಸಿಕ್ಕಿದ್ದು. ದಿನಾ ಬೆಳಿಗ್ಗೆ ನನ್ನ ನಿದ್ದೆಗೆ ನೂರಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡುತ್ತಿತ್ತು. 80 ದಾಟಿದರೆ ಹಸಿರು ಬಣ್ಣ, ಬೆನ್ನು ತಟ್ಟುವ ಒಂದು ಮಾತು. ಕೈಯ ಅಲುಗಾಟ ಮತ್ತು ನಾಡಿ ಬಡಿತ ನೋಡಿ ಅದು ಊಹೆ ಮಾಡುತ್ತದೆ. ನಾನು ಕೊರಡಿನ ಹಾಗೆ ಬಿದ್ದಿರುತ್ತೇನೆ, ಅದಕ್ಕೆ ಸಂತೋಷವಾಗುತ್ತದೆ. ಈಚೆಗೆ ಕೆಲವು ವಾಚುಗಳು ಉಸಿರಾಟದ ಏರುಪೇರು ಗಮನಿಸಿ ಎಚ್ಚರಿಕೆ ಕೊಡುತ್ತವೆ. ಅಂಥದ್ದಕ್ಕೆ ಅಮೆರಿಕದ ನಿಯಂತ್ರಣ ಸಂಸ್ಥೆ 2024ರಲ್ಲಿ ಒಪ್ಪಿಗೆಯನ್ನೂ ಕೊಟ್ಟಿದೆ. ಅವು ಡಾಕ್ಟರ ಹತ್ತಿರ ಹೋಗು ಅನ್ನುವ ಸೂಚನೆ, ಅಷ್ಟೇ. ನನ್ನದಕ್ಕೆ ಅದೂ ಇರಲಿಲ್ಲ. ನನ್ನ ತಕರಾರು ಅದರ ತಂತ್ರಜ್ಞಾನದ ಮೇಲಲ್ಲ, ಅದರ ದನಿಯ ಮೇಲೆ. ಗೊತ್ತಿಲ್ಲ ಅನ್ನುವ ಮಾತೇ ಅದಕ್ಕೆ ಬರುವುದಿಲ್ಲ. 'ನೀನು ಅಲುಗಾಡಲಿಲ್ಲ' ಎಂದು ಹೇಳಬೇಕಾದ ಕಡೆ 'ನೀನು ಚೆನ್ನಾಗಿ ಮಲಗಿದೆ' ಅನ್ನುತ್ತದೆ. ಗಾದೆಯೂ ಇದನ್ನೇ ಮಾಡಿತ್ತು. ಗಾದೆಗೆ ಅಂಕಿ ಇರಲಿಲ್ಲ, ಹಾಗಾಗಿ ಅದರ ಜೊತೆ ಜಗಳವಾಡಬಹುದಿತ್ತು.

ಕೊನೆಗೆ ಮನೆಯಲ್ಲೇ ಮಾಡುವ ಪರೀಕ್ಷೆ. ಒಬ್ಬ ಹುಡುಗ ಸಂಜೆ ಬಂದು ಎದೆಗೆ ಒಂದು ಬೆಲ್ಟು, ಮೂಗಿಗೆ ಸಣ್ಣ ನಳಿಕೆ, ಬೆರಳಿಗೆ ಕ್ಲಿಪ್ಪು ಹಾಕುವುದು ಹೇಗೆ ಅಂತ ತೋರಿಸಿಹೋದ. ಬೆಳಿಗ್ಗೆ ತುಂಬಲು ಒಂದು ಫಾರಂ. ನಿದ್ದೆ ಹೇಗಿತ್ತು? 'ಚೆನ್ನಾಗಿತ್ತು.' ಎಷ್ಟು ಸಲ ಎಚ್ಚರ ಆಯಿತು? 'ಒಂದು ಸಲ, ಬಾತ್‌ರೂಮಿಗೆ.' ಆ ದಿನ ವಾಚು 84 ಕೊಟ್ಟಿತ್ತು.

ರಿಪೋರ್ಟು ಬಂತು. ಏಳು ಗಂಟೆಯ ದಾಖಲೆ. ಗಂಟೆಗೆ 34 ಸಲ ಉಸಿರು ನಿಂತಿದೆ ಅಥವಾ ತೀರಾ ಕ್ಷೀಣವಾಗಿದೆ. 5ರಿಂದ 15 ಅಂದರೆ ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ಏಳು ಗಂಟೆಗೆ ಗುಣಿಸಿದರೆ 238. ಅತಿ ಉದ್ದದ ನಿಲುಗಡೆ 61 ಸೆಕೆಂಡು. ಒಂದು ಹಂತದಲ್ಲಿ ಆಮ್ಲಜನಕ 78ಕ್ಕೆ ಇಳಿದಿತ್ತು. ನನ್ನ 'ಒಂದು ಸಲ' ಮತ್ತು ಅದರ 238ನ್ನು ಅಕ್ಕಪಕ್ಕ ಇಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ. ಬಾತ್‌ರೂಮಿಗೆ ಎದ್ದ ಆ ಒಂದು ಸಲವೂ ನಾನಂದುಕೊಂಡ ಹಾಗಿರಲಿಲ್ಲ ಅಂದರು ಡಾಕ್ಟರು. ಉಸಿರುಗಟ್ಟುವಾಗ ಎದೆಯೊಳಗಿನ ಒತ್ತಡ ಬದಲಾಗಿ, ಹೃದಯ ಮೂತ್ರ ಹೆಚ್ಚಿಸುವ ಹಾರ್ಮೋನು ಬಿಡುತ್ತದಂತೆ. ಉಸಿರಿಗಾಗಿ ಎಚ್ಚರವಾದವನು ಎದ್ದು ಕೂತು, ಓಹೋ ಮೂತ್ರಕ್ಕೆ ಎಚ್ಚರವಾಯ್ತು ಅಂದುಕೊಳ್ಳುತ್ತಾನೆ. ಅರ್ಧ ನಿದ್ದೆಯಲ್ಲೂ ಮನಸ್ಸು ಒಂದು ಕಾರಣ ಕಟ್ಟಿಕೊಡುತ್ತದೆ.

ಹಾಗಂತ ರಿಪೋರ್ಟನ್ನು ಕೊನೆಯ ಮಾತು ಅಂತ ಒಪ್ಪುವುದಕ್ಕೂ ನನಗೆ ಸಂಕೋಚ ಇದೆ. ಮನೆಯ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ತಲೆಗೆ ತಂತಿ ಇರುವುದಿಲ್ಲ. ಅಂದರೆ ನಾನು ನಿದ್ದೆಯಲ್ಲಿದ್ದೇನೋ ಛಾವಣಿ ನೋಡುತ್ತಾ ಬಿದ್ದಿದ್ದೇನೋ ಅದಕ್ಕೆ ತಿಳಿಯುವುದಿಲ್ಲ. ದಾಖಲಾದ ಒಟ್ಟು ಹೊತ್ತಿನಿಂದ ಭಾಗಿಸುತ್ತದೆ. ಎಚ್ಚರವಿದ್ದ ಹೊತ್ತೂ ಅದರಲ್ಲಿ ಸೇರುವುದರಿಂದ ಅಂಕಿ ನಿಜಕ್ಕಿಂತ ಕಮ್ಮಿ ಬರಬಹುದು. ಆದರೆ ವಾಚಿಗೂ ಇದಕ್ಕೂ ಇರುವ ವ್ಯತ್ಯಾಸ ಏನೆಂದರೆ, ಇದು ತನಗೆ ಗೊತ್ತಿರುವುದನ್ನು ಮಾತ್ರ ಹೇಳುತ್ತದೆ. ಗಾಳಿ ಇಷ್ಟು ಹರಿಯಿತು, ಎದೆ ಇಷ್ಟು ಏರಿತು, ಆಮ್ಲಜನಕ ಇಷ್ಟಿತ್ತು. ನಿದ್ದೆ ಚೆನ್ನಾಗಿತ್ತೋ ಇಲ್ಲವೋ ಎನ್ನುವ ತೀರ್ಪು ಅದರ ಯಾವ ಪುಟದಲ್ಲೂ ಇಲ್ಲ.

ಈಗ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗುತ್ತೇನೆ. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಜಗತ್ತಿಗೆ ತೋರಿಸಿದ ಉಪಾಯ. ಮೂಗಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಊದಿ, ಗಂಟಲಿನ ದಾರಿ ಕುಸಿಯದ ಹಾಗೆ ತಡೆಯುವುದು. ಮೊದಲ ಎರಡು ವಾರ ನನ್ನ ಜೀವನದ ಅತಿ ಕೆಟ್ಟ ನಿದ್ದೆ ಅನ್ನಿಸಿತ್ತು. ಮಾಸ್ಕು ಚುಚ್ಚುತ್ತೆ, ಪೈಪು ಸುತ್ತಿಕೊಳ್ಳುತ್ತೆ, ಮಗ್ಗುಲು ಬದಲಿಸಿದರೆ ಗಾಳಿ ಸೋರಿ ಕಣ್ಣಿಗೆ ಬಡಿಯುತ್ತೆ, ರಾತ್ರಿಗೆ ನಾಲ್ಕು ಸಲ ಎಚ್ಚರ. ಯಂತ್ರ ಮಾತ್ರ ಗಂಟೆಗೆ 3 ಅಂತ ತೋರಿಸುತ್ತಿತ್ತು. ಚೆನ್ನಾಗಿ ಮಲಗಿದೆ ಅಂದುಕೊಂಡ ವರ್ಷಗಳಲ್ಲಿ ಉಸಿರು ಕಟ್ಟುತ್ತಿತ್ತು, ಕೆಟ್ಟದಾಗಿ ಮಲಗಿದೆ ಅಂದುಕೊಂಡ ವಾರಗಳಲ್ಲಿ ಸರಾಗವಾಗಿ ಉಸಿರಾಡುತ್ತಿದ್ದೆ. ಎರಡು ಸಲವೂ ನನ್ನ ಅನಿಸಿಕೆ ತಪ್ಪಿತ್ತು. ಎಷ್ಟೋ ಜನ ಈ ಹಂತದಲ್ಲೇ ಯಂತ್ರವನ್ನು ಅಟ್ಟಕ್ಕೆ ಹಾಕುತ್ತಾರೆ. ಅವರನ್ನು ಸೋಮಾರಿಗಳು ಅನ್ನುವುದಕ್ಕೆ ಮನಸ್ಸು ಬರುವುದಿಲ್ಲ. ಅವರು ತಮ್ಮ ಅನುಭವವನ್ನು ನಂಬಿದರು, ಅಷ್ಟೇ.

ಮೂರನೇ ವಾರ ಕನಸು ಬೀಳತೊಡಗಿದವು. ಉದ್ದುದ್ದ, ಬಣ್ಣಬಣ್ಣದ ಕನಸುಗಳು. ಕನಸಿನ ನಿದ್ದೆಯಲ್ಲಿ ಸ್ನಾಯುಗಳು ಇನ್ನಷ್ಟು ಸಡಿಲವಾಗುವುದರಿಂದ ಆಪ್ನಿಯಾದ ಹೊಡೆತ ಅಲ್ಲೇ ಜಾಸ್ತಿಯಂತೆ. ನನಗೆ ವರ್ಷಗಳಿಂದ ಕನಸೇ ನೆನಪಿರುತ್ತಿರಲಿಲ್ಲ ಅನ್ನುವುದು ಅವು ವಾಪಸ್ಸು ಬಂದಾಗ ಗೊತ್ತಾಯ್ತು. ಹೆಂಡತಿಗೆ ಮಾತ್ರ ಮೊದಲ ಒಂದು ತಿಂಗಳು ನಿದ್ದೆ ಇರಲಿಲ್ಲ. "ಸದ್ದೇ ಇಲ್ವಲ್ಲ, ಉಸಿರಾಡ್ತಿದೀಯೋ ಇಲ್ವೋ ಅಂತ ಎದ್ದು ನೋಡ್ತಿದ್ದೆ" ಅಂದಳು. ಇಷ್ಟು ದಿನ ಈ ಮನೆಯ ಯಂತ್ರ ಅವಳೇ ಆಗಿದ್ದಳು. ಪೀಜಿಯಲ್ಲೋ, ಸಿಂಗಲ್ ರೂಮಿನ ಬಾಡಿಗೆ ಮನೆಯಲ್ಲೋ ಒಬ್ಬರೇ ಮಲಗುವವರಿಗೆ ಈ ಸಾಕ್ಷಿಯೂ ಇಲ್ಲ. ಅಂಥವರು ಊರಿಗೆ ಹೋದಾಗ ಅಥವಾ ಟ್ರಿಪ್ಪಿನಲ್ಲಿ ಗೆಳೆಯರು ಗೊರಕೆಯ ಬಗ್ಗೆ ತಮಾಷೆ ಮಾಡಿದರೆ ಒಂದೇ ಒಂದು ಪ್ರಶ್ನೆ ಕೇಳಿ: ಮಧ್ಯೆ ನಿಲ್ಲುತ್ತಾ?

ನಾನು ಆ ಪ್ರಶ್ನೆಯನ್ನು ಅಮ್ಮನಿಗೆ ಕೇಳಿದ್ದು ಮೊನ್ನೆ ದೀಪಾವಳಿಗೆ ಊರಿಗೆ ಹೋದಾಗ. ಅಪ್ಪನಿಗೆ ಈಗ 67. ಬಿಪಿ ಮಾತ್ರೆ ಎರಡಿದ್ದದ್ದು ಮೂರಾಗಿದೆ. ಹಿಂದೊಮ್ಮೆ ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡಿದ್ದ. ರಸ್ತೆ ಸರಿ ಇರಲಿಲ್ಲ ಅಂತ ಇವತ್ತಿಗೂ ಅನ್ನುತ್ತಾನೆ. ಅಡುಗೆಮನೆಯಲ್ಲಿ ಕಡುಬಿನ ಹಿಟ್ಟು ಕಲಸುತ್ತಿದ್ದ ಅಮ್ಮ ನನ್ನ ಪ್ರಶ್ನೆಗೆ ತಲೆ ಎತ್ತಲೂ ಇಲ್ಲ. "ನಿಲ್ಲದೇ ಏನು? ನಿಂತಾಗ ನಾನು ತಟ್ತೀನಿ. ತಟ್ಟಿದ್ರೆ ಮತ್ತೆ ಶುರುವಾಗುತ್ತೆ" ಅಂದಳು. ಯಾವಾಗಿಂದ ಅಂತ ಕೇಳಿದೆ. "ನೀನು ಹುಟ್ಟೋ ಮುಂಚಿಂದ." ಯಾರಿಗೂ ಯಾಕೆ ಹೇಳಲಿಲ್ಲ ಅಂದೆ. "ಹೇಳೋದೇನು, ನೀನೇ ಸ್ಟೇಜ್ ಮೇಲೆ ಮಾಡಿ ತೋರಿಸಿದ್ಯಲ್ಲ, ಎಲ್ಲರಿಗೂ ಗೊತ್ತಿತ್ತು."

ಹೌದು, ನನಗೆ ಗೊತ್ತಿತ್ತು. ಹನ್ನೆರಡು ವರ್ಷದ ಹುಡುಗ ಆ ಮೌನವನ್ನು ಎಷ್ಟು ಸರಿಯಾಗಿ ಎಣಿಸಿದ್ದ ಅಂದರೆ, ಪರೀಕ್ಷೆಯವರು ಲೆಕ್ಕಕ್ಕೆ ಹಿಡಿಯುವ ಕನಿಷ್ಠ ಹತ್ತು ಸೆಕೆಂಡನ್ನೇ ಹಿಡಿದಿದ್ದ. ಅದನ್ನು ಅವನು ಟೈಮಿಂಗ್ ಅಂತ ಓದಿದ.

ಪರೀಕ್ಷೆಗೆ ಅಪ್ಪನನ್ನು ಒಪ್ಪಿಸುವುದಕ್ಕೆ ಮೂರು ದಿನ ಹಿಡಿಯಿತು. "ನಂಗೇನಾಗಿದೆ? ಹಾಸಿಗೆ ಸೇರಿದ್ರೆ ಸಾಕು, ನಿದ್ದೆ. ನಿನ್ ಥರ ಅಲ್ಲ ನಾನು" ಅಂದ. ಜಗಳ ಮಾಡಲಿಲ್ಲ. ನನ್ನ ರಿಪೋರ್ಟು ಮತ್ತು ನಾನು ತುಂಬಿದ ಫಾರಂ ಎರಡನ್ನೂ ಕೊಟ್ಟು, ಓದಪ್ಪಾ ಅಂದೆ. ಬ್ಯಾಂಕಿನ ಮನುಷ್ಯ, ಎರಡು ಲೆಕ್ಕ ತಾಳೆಯಾಗದಿದ್ದರೆ ಸುಮ್ಮನಿರುವುದಿಲ್ಲ. ಒಂದಕ್ಕೂ 238ಕ್ಕೂ ಬೆರಳಿಟ್ಟು ನೋಡಿದ. ಮಾತಾಡಲಿಲ್ಲ. ಮಾರನೇ ರಾತ್ರಿ ಬೆಲ್ಟು ಕಟ್ಟಿಸಿಕೊಂಡ.

ಬೆಳಿಗ್ಗೆ ಫಾರಂನಲ್ಲಿ ಅದೇ ದುಂಡಗಿನ ಅಕ್ಷರ. ನಿದ್ದೆ ಹೇಗಿತ್ತು? 'ಉತ್ತಮ.' ಎಷ್ಟು ಸಲ ಎಚ್ಚರ ಆಯಿತು? 'ಇಲ್ಲ.' ನಾನು ಅದನ್ನು ತಿದ್ದಲಿಲ್ಲ. ಅದು ಅವನ ಸಾಕ್ಷ್ಯ, ಅವನಿಗೆ ಕಂಡ ಮಟ್ಟಿಗೆ ನಿಜ. ಪಕ್ಕದಲ್ಲಿ ಮಲಗಿದವರು ಹೇಳುವುದಕ್ಕೆ ಆ ಫಾರಂನಲ್ಲಿ ಜಾಗವೇ ಇಲ್ಲ. ಅಮ್ಮನನ್ನು ಕರೆದು, ರಾತ್ರಿ ಎಷ್ಟು ಸಲ ತಟ್ಟಿದೆ ಅಂತ ಕೇಳಿದೆ. ಲೆಕ್ಕ ಇಟ್ಟಿಲ್ಲ ಅಂದಳು. ಅದನ್ನೇ ಅಂಚಿನಲ್ಲಿ ಬರೆದು ಕಳಿಸಿದ್ದೇನೆ: 'ಹೆಂಡತಿ ರಾತ್ರಿಯಿಡೀ ತಟ್ಟಿ ಎಬ್ಬಿಸುತ್ತಾರೆ. ಲೆಕ್ಕ ಇಟ್ಟಿಲ್ಲ.' ರಿಪೋರ್ಟು ಮುಂದಿನ ವಾರ ಬರುತ್ತದೆ.